ಆಳ ನೋಡಿ ಬಂದೆವು

ಸಮುದ್ರದಲ್ಲಿ ಮೂವತ್ತು ಮೀಟರ್ ಕೆಳಗೆ ಇಳಿದು ಬಂದೆವೆಂದು ತಿಳಿದಾಗ ನೆಂಟರಿಷ್ಟರು ನಮ್ಮನ್ನು ಕೇಳಿದ ಪ್ರಶ್ನೆಗಳು ಎರಡು. "ಕೆಳಗೆ ಏನು ಕಂಡಿರಿ?" ಎಂಬುದು ಒಂದು, "ಈ ವಯಸ್ಸಿನಲ್ಲಿ ನಿಮಗೇಕೆ ಈ ಹುಚ್ಚು?" ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಬಂಡೆ, ಮೀನು, ನೀಲಿಗತ್ತಲೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. ಈ ಪತ್ರಿಕೆಯ ಓದುಗರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ. ಒಂದು ಊರಿನ ಕಥೆಯನ್ನು ಇನ್ನೊಂದು ಊರಿನಿಂದ ಆರಂಭಿಸಿದರೆ ಬೇಸರಪಡಲಾರರೆಂಬ ಧೈರ್ಯ ನಮಗಿದೆ.

"ನಾವು" ಎಂದರೆ ಗಂಡಹೆಂಡಿರು ಇಬ್ಬರೂ. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಿ ಈ ಲೇಖನ ಸಿದ್ಧವಾಗಿದೆ. ಮುಂದೆ ಬರುವ ಪೇಚಿನ ಪ್ರಸಂಗಗಳಲ್ಲಿ "ನಮ್ಮಲ್ಲೊಬ್ಬರು" ಎಂದಿರುವ ಕಡೆ ಅದು ಯಾರೆಂದು ಬಿಟ್ಟುಕೊಡಬಾರದೆಂದು ಮನೆಯಲ್ಲಿ ಕರಾರಾಗಿದೆ.

ನಮ್ಮ ವಾಸ ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನಲ್ಲಿ. ಒಂದು ಕಡೆ ಉಷ್ಣವಿದ್ಯುತ್ ಕೇಂದ್ರದ ಹೊಗೆಕೊಳವೆಗಳು, ಒಂದು ಕಡೆ ಕೊಂಡಪಲ್ಲಿಯ ಗುಡ್ಡ, ಇನ್ನೊಂದು ಕಡೆ ಕೃಷ್ಣಾನದಿ. ಹುಟ್ಟಿ ಬೆಳೆದದ್ದು ಬಾಗಲಕೋಟೆ ಜಿಲ್ಲೆಯಲ್ಲಿ, ಕೂಡಲಸಂಗಮದ ಆಸುಪಾಸಿನಲ್ಲಿ. ಅಲ್ಲಿ ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಇಲ್ಲಿ, 2015ರಲ್ಲಿ ಪಟ್ಟಿಸೀಮೆಯ ಏತ ನೀರಾವರಿ ಆರಂಭವಾದ ಮೇಲೆ, ಗೋದಾವರಿಯ ನೀರು ಕಾಲುವೆಯಲ್ಲಿ ಬಂದು ಅದೇ ಕೃಷ್ಣೆಯನ್ನು ಸೇರುತ್ತದೆ. ಆ ಜಾಗಕ್ಕೆ ಪವಿತ್ರ ಸಂಗಮಂ ಎಂದು ಹೆಸರು. ಹೊಳೆಯ ಬೆನ್ನು ಹಿಡಿದು ಒಂದು ಸಂಗಮದಿಂದ ಇನ್ನೊಂದು ಸಂಗಮಕ್ಕೆ ಬಂದವರು ನಾವು.

ಕೂಡಲಸಂಗಮವನ್ನು ನೋಡಿದವರಿಗೆ ಬಸವಣ್ಣನವರ ಐಕ್ಯಮಂಟಪ ನೆನಪಿರುತ್ತದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮಂಟಪ ಮುಳುಗದಿರಲೆಂದು ಅದರ ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋಗಬೇಕು. ಹಿನ್ನೀರು ತುಂಬಿದ ದಿನಗಳಲ್ಲಿ ಗೋಡೆಯ ಈಚೆ ನಾವು, ಆಚೆ ನಮ್ಮ ತಲೆಗಿಂತ ಎತ್ತರಕ್ಕೆ ಹೊಳೆ. ಚಿಕ್ಕಂದಿನಲ್ಲಿ ಅಲ್ಲಿ ಇಳಿದಾಗಲೆಲ್ಲ ಗೋಡೆಗೆ ಕೈಯಿಟ್ಟು ನೋಡುತ್ತಿದ್ದೆವು. "ಹೊಳಿ ಸಂಗಡ ಸಲಿಗಿ ಬ್ಯಾಡ" ಎಂದು ಅವ್ವ ಗದರಿಸುತ್ತಿದ್ದಳು. ನಮ್ಮ ಎರಡೂ ಮನೆತನಗಳಲ್ಲಿ ಹೊಳೆಗೆ ಕೈಮುಗಿದವರು ಬಹಳ. ಈಜು ಕಲಿತವರು ಒಬ್ಬರೂ ಇಲ್ಲ.

2017ರ ನವೆಂಬರ್ 12, ಕಾರ್ತಿಕಮಾಸದ ಭಾನುವಾರ. ಸಂಜೆ ಪವಿತ್ರ ಸಂಗಮದ ಆರತಿ ನೋಡಲೆಂದು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನಾವೂ ಘಾಟಿಗೆ ಹೋಗಿದ್ದೆವು. ಅಂದು ಪ್ರವಾಸಿಗಳನ್ನು ತುಂಬಿಕೊಂಡು ಬರುತ್ತಿದ್ದ ದೋಣಿ ಅಲ್ಲಿಯೇ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಪತ್ರಿಕೆಗಳಲ್ಲಿ ಓದಿದವರಿಗೆ ಅದು ಒಂದು ದಿನದ ಸುದ್ದಿ. ದಡದಲ್ಲಿ ನಿಂತಿದ್ದ ಮಗುವಿಗೆ ಹಾಗಲ್ಲ. ಆ ಮೇಲೆ ಅವಳು ಹೊಳೆಯ ಕಡೆ ಮುಖ ಮಾಡಲಿಲ್ಲ. ಪ್ರಕಾಶಂ ಬ್ಯಾರೇಜಿನ ಮೇಲೆ ಗಾಡಿ ಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಗದರಿಸಿ ನೋಡಿದೆವು, ರಮಿಸಿ ನೋಡಿದೆವು. ನಿಜ ಹೇಳಬೇಕೆಂದರೆ ನಮಗೂ ಭಯವೇ. ಹೆದರಿದವರು ಹೆದರಿದವರಿಗೆ ಹೇಳುವ ಧೈರ್ಯ ಎಷ್ಟು ದೂರ ಹೋದೀತು?

2023ರ ದಸರೆಯ ರಜೆಯಲ್ಲಿ ವಿಶಾಖಪಟ್ಟಣಕ್ಕೆ ಹೋದಾಗ ರಾಮಕೃಷ್ಣ ಬೀಚಿನಲ್ಲಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ನೋಡಿದೆವು. 1969ರಲ್ಲಿ ನೌಕಾದಳ ಸೇರಿ, 2001ರಲ್ಲಿ ನಿವೃತ್ತಿಯಾಗಿ, 2002ರಿಂದ ವಸ್ತುಸಂಗ್ರಹಾಲಯವಾಗಿ ದಡದ ಮೇಲೆ ಕುಳಿತಿರುವ ಹಡಗು ಅದು. ನೀರಿನ ಮೇಲಿಲ್ಲವೆಂಬ ಧೈರ್ಯದಿಂದ ಮಗಳೂ ಒಳಗೆ ಬಂದಳು. ಆ ಇಕ್ಕಟ್ಟಿನ ಹಾದಿಯಲ್ಲಿ ನಿಂತು ಕೇಳಿದಳು: "ಇಷ್ಟು ಆಳಕ್ಕೆ ಹೋದವರು ತಿರುಗಿ ಹೇಗೆ ಬರ್ತಾರಪ್ಪಾ?" ಹೇಗೆ ಹೋಗುತ್ತಾರೆಂದು ಅವಳು ಕೇಳಲಿಲ್ಲ. ತಿರುಗಿ ಹೇಗೆ ಬರುತ್ತಾರೆಂದು ಕೇಳಿದಳು. ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ. ಉತ್ತರ ಕಲಿತುಕೊಂಡು ಬರೋಣವೆಂದು ಹೊರಟದ್ದೇ ನಮ್ಮ ಹುಚ್ಚಿನ ಮೂಲ.

ಮೊದಲು ವಿಜಯವಾಡದ ಒಂದು ಕೊಳದಲ್ಲಿ, ಮಕ್ಕಳ ನಗೆಪಾಟಲಾಗುತ್ತ, ಈಜು ಕಲಿತೆವು. 200 ಮೀಟರ್ ಎಡೆಬಿಡದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಆಗಲೇ ಡೈವಿಂಗ್ ತರಗತಿಗೆ ಅರ್ಹತೆ. ನಲವತ್ತೈದು ದಾಟಿದವರಿಗೆ ಆರೋಗ್ಯದ ಪ್ರಶ್ನೆಪತ್ರಿಕೆಯೂ ತುಸು ಉದ್ದ. ವೈದ್ಯರ ಒಪ್ಪಿಗೆ ಪಡೆದು, 2024ರ ಜನವರಿಯಲ್ಲಿ ವಿಶಾಖಪಟ್ಟಣದಲ್ಲಿ ಮೊದಲ ಹಂತ ಮುಗಿಸಿದೆವು. ಆ ಹಂತದವರಿಗೆ 18 ಮೀಟರೇ ಮಿತಿ. ಮುಂದಿನ ಹಂತ 30 ಮೀಟರ್. ವಿಶೇಷ ತರಬೇತಿ ಪಡೆದ ಹವ್ಯಾಸಿಗಳಿಗೂ 40 ಮೀಟರಿಗೆ ಗಡಿ ಹಾಕಿದ್ದಾರೆ. ಕಾರಣವನ್ನು ಓದುಗರಿಗೆ ಬಿಡಿಸಿ ಹೇಳಬೇಕು.

ನಾವು ನೆಲದ ಮೇಲೆ ಹೊತ್ತಿರುವುದು ಒಂದು ವಾಯುಭಾರ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಇನ್ನೊಂದು ಸೇರುತ್ತದೆ. ಮೂವತ್ತು ಮೀಟರಿನಲ್ಲಿ ಒಟ್ಟು ನಾಲ್ಕು. ಬೆನ್ನಿನ ಸಿಲಿಂಡರಿನಲ್ಲಿ ಬರಿಯ ಆಮ್ಲಜನಕವಿದೆಯೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಇರುವುದು ನಾವು ಉಸಿರಾಡುವ ಸಾಧಾರಣ ಗಾಳಿ, ಒತ್ತಿ ತುಂಬಿದ್ದು. 11 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿದರೆ ಸುಮಾರು 2200 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ನೀರಿನ ಮೇಲೆ ಇದು 110 ನಿಮಿಷ ಬಂದೀತು. ಮೂವತ್ತು ಮೀಟರಿನಲ್ಲಿ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕಾದುದರಿಂದ ಅದೇ ಸಿಲಿಂಡರು 27 ನಿಮಿಷಕ್ಕೆ ಬರಿದಾಗುತ್ತದೆ. ಅದರಲ್ಲಿಯೂ ಕಾಲು ಭಾಗ ಉಳಿಸಿಕೊಂಡೇ ಮೇಲೆ ಬರತಕ್ಕದ್ದು. ಸಂಬಳ ಅದೇ, ಊರಿನ ಬೆಲೆ ಮಾತ್ರ ನಾಲ್ಕು ಪಟ್ಟು! ಪರಊರಿನಲ್ಲಿ ಸಂಸಾರ ಹೂಡಿದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

ಗಾಳಿಯ ಖರ್ಚಿಗಿಂತ ದೊಡ್ಡ ಗಂಡಾಂತರಗಳು ಎರಡು. ಎರಡಕ್ಕೂ ಗಾಳಿಯಲ್ಲಿರುವ ಸಾರಜನಕವೇ ಕಾರಣ. ಭಾರ ಹೆಚ್ಚಿದಂತೆ ಅದು ರಕ್ತಕ್ಕೂ ಮಾಂಸಕ್ಕೂ ಇಳಿದು ಸೇರಿಕೊಳ್ಳುತ್ತದೆ. ಸುಮಾರು ಮೂವತ್ತು ಮೀಟರಿನ ಹೊತ್ತಿಗೆ ತಲೆಗೆ ಮತ್ತೇರಿಸುತ್ತದೆ. ಗಾನ್ಯಾನೊಡನೆ 1943ರಲ್ಲಿ ಆಕ್ವಾಲಂಗ್ ಎಂಬ ಉಸಿರಾಟದ ಸಾಧನವನ್ನು ರೂಪಿಸಿದ ಫ್ರಾನ್ಸಿನ ಕುಸ್ತೋ ಇದನ್ನು ಆಳದ ಉನ್ಮಾದವೆಂದು ಕರೆದ. ಅವನ ತಂಡದ ಮಾರಿಸ್ ಫಾರ್ಗ್ ಎಂಬ ನುರಿತ ಮುಳುಗುಗಾರ 1947ರಲ್ಲಿ 120 ಮೀಟರಿಗೆ ಇಳಿದು, ಹಗ್ಗಕ್ಕೆ ಕಟ್ಟಿದ್ದ ಹಲಗೆಯ ಮೇಲೆ ತನ್ನ ಸಹಿ ಹಾಕಿದ. ಜೀವಸಹಿತ ಮೇಲೆ ಬರಲಿಲ್ಲ.

ಎರಡನೆಯ ಗಂಡಾಂತರ ಮೇಲೆ ಬರುವಾಗಿನದು. ಗೋಲಿಸೋಡಾದ ಗೋಲಿಯನ್ನು ಒತ್ತಿದೊಡನೆ ನೀರೆಲ್ಲ ನೊರೆಯಾಗುವುದಿಲ್ಲವೆ? ಬೇಗ ಬೇಗ ಮೇಲೆ ಬಂದರೆ ಮೈಯೊಳಗಿನ ಸಾರಜನಕವೂ ಹಾಗೆಯೇ ಗುಳ್ಳೆಗಟ್ಟುತ್ತದೆ. ಕೀಲು ಹಿಡಿಯಬಹುದು, ಕಾಲು ಬೀಳಬಹುದು, ಪ್ರಾಣವೂ ಹೋಗಬಹುದು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ಒತ್ತಿದ ಗಾಳಿಯ ಕೋಣೆಗಳಲ್ಲಿ ಇಳಿದು ದುಡಿದವರಿಗೆ ಈ ರೋಗ ಬಡಿಯಿತು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗನೇ 1872ರಲ್ಲಿ ಹಾಸಿಗೆ ಹಿಡಿದ. ಹೆಂಡತಿ ಎಮಿಲಿ ಅವನ ಮಾತುಗಳನ್ನು ಕೆಲಸದ ಸ್ಥಳಕ್ಕೆ ಒಯ್ದು, ತಾನೂ ಲೆಕ್ಕ ಕಲಿತು, 1883ರಲ್ಲಿ ಸೇತುವೆ ಮುಗಿಯುವ ತನಕ ಹೆಗಲು ಕೊಟ್ಟಳು. ಗುಳ್ಳೆಗಳೇ ಈ ರೋಗದ ಕಾರಣವೆಂದು ಪಾಲ್ ಬೇರ್ 1878ರಲ್ಲಿ ತೋರಿಸಿಕೊಟ್ಟ. ಎಷ್ಟು ಆಳದಿಂದ ಹೇಗೆ ನಿಂತು ನಿಂತು ಬರಬೇಕೆಂಬ ಕೋಷ್ಟಕವನ್ನು ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಗಳಲ್ಲಿ ಹೆಚ್ಚಿನವು ಆಡುಗಳ ಮೇಲೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ನಮ್ಮ ಗಾದೆ. ಒತ್ತಡದ ಕೋಣೆಯನ್ನೂ ಅದು ಬಿಡಲಿಲ್ಲವೆಂದು ಸೇರಿಸಿಕೊಳ್ಳಬಹುದು.

ಇಷ್ಟನ್ನೂ ಬಾಯಿಪಾಠ ಮಾಡಿ 2024ರ ಮಾರ್ಚಿನಲ್ಲಿ ಮತ್ತೆ ವಿಶಾಖಪಟ್ಟಣಕ್ಕೆ ಹೋದೆವು. ನಮ್ಮ ತರಬೇತುದಾರ ಮೀನುಗಾರರ ಮನೆತನದ ತೆಲುಗು ಹುಡುಗ. ನಮ್ಮನ್ನು "ಸಾರ್, ಅಮ್ಮಾ" ಎಂದು ಕರೆಯುತ್ತಿದ್ದ. ಅವನ ಬಾಯಲ್ಲಿ ಸದಾ ಒಂದೇ ಮಂತ್ರ: "ನೆಮ್ಮದಿಗಾ, ನೆಮ್ಮದಿಗಾ." ತೆಲುಗಿನಲ್ಲಿ ಅದಕ್ಕೆ ನಿಧಾನವಾಗಿ ಎಂದರ್ಥ. ಮೊದಮೊದಲು, ಇಷ್ಟು ಭಯದಲ್ಲಿ ನೆಮ್ಮದಿ ಎಲ್ಲಿಂದ ತರೋಣ ಎಂದು ನಮಗೆ ನಗು ಬರುತ್ತಿತ್ತು.

ದೋಣಿಯಲ್ಲಿ ಅವನು ಪುಟ್ಟ ಹಲಗೆಯ ಮೇಲೆ ಸಣ್ಣ ಲೆಕ್ಕಗಳನ್ನು ಕೊಟ್ಟ. ಕ್ಷಣಮಾತ್ರದಲ್ಲಿ ಮಾಡಿದೆವು. ಇಂಥವನ್ನೇ ಕೆಳಗೂ ಮಾಡಬೇಕು. ಬುದ್ಧಿ ಎಷ್ಟು ಮಂದವಾಗುತ್ತದೆಂದು ತಿಳಿಯಲಿಕ್ಕೆ. ಹಗ್ಗ ಹಿಡಿದು ಇಳಿದೆವು. ಮೊದಲ ಕೆಲವು ಮೀಟರಿಗೇ ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿಯೂದಿ ಸಮ ಮಾಡಿಕೊಳ್ಳಬೇಕು. ಅಂದು ನೀರು ತಿಳಿಯಾಗಿರಲಿಲ್ಲ. ಇಪ್ಪತ್ತು ಮೀಟರ್ ದಾಟಿದ ಮೇಲೆ ಎಲ್ಲವೂ ಬೂದುಹಸಿರು. ಇಪ್ಪತ್ತೆಂಟರಲ್ಲಿ ಹಲಗೆ ಕೈಗೆ ಬಂತು: 17ಕ್ಕೆ 26 ಕೂಡಿಸಿರಿ.

ನಮ್ಮಲ್ಲೊಬ್ಬರು ಬಹಳ ಹೊತ್ತು ಯೋಚಿಸಿ, 1726 ಎಂದು ದೊಡ್ಡದಾಗಿ ಬರೆದರು. ಬರೆದು, ಜೀವಮಾನದಲ್ಲಿ ಇಷ್ಟು ಸರಿಯಾದ ಉತ್ತರ ಬರೆದಿಲ್ಲವೆಂಬ ಸಂತೋಷ ಪಟ್ಟರು. ಅದಾದರೂ ಹೋಗಲಿ, ಇನ್ನೊಬ್ಬರು ಅದನ್ನು ಓದಿ ಸರಿಯೆಂದು ತಲೆದೂಗಿದರು! ತರಬೇತುದಾರ ಹೆಬ್ಬೆಟ್ಟು ಮೇಲೆ ಮಾಡಿ ತೋರಿಸಿದ. ನೀರಿನ ಭಾಷೆಯಲ್ಲಿ ಹೆಬ್ಬೆಟ್ಟೆಂದರೆ "ಮೇಲೆ ನಡೆಯಿರಿ" ಎಂಬ ಆಜ್ಞೆ; ಎಲ್ಲ ಸರಿಯಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ತಿಂಗಳುಗಟ್ಟಲೆ ಕಲಿತಿದ್ದ ಈ ಪಾಠ ಮರೆತುಹೋಗಿ, ಲೆಕ್ಕಕ್ಕೆ ಭೇಷ್ ಎನ್ನುತ್ತಿದ್ದಾನೆಂದು ತಿಳಿದು, ನಾವೂ ಹೆಬ್ಬೆಟ್ಟು ತೋರಿಸಿ ಅಲ್ಲೇ ನಿಂತೆವು. ಗಾಳಿಯ ಮಾಪಕವನ್ನು ಇಬ್ಬರೂ ನೋಡಿರಲಿಲ್ಲ. ಒಬ್ಬರಲ್ಲಿ ಇರಬೇಕಾದುದಕ್ಕಿಂತ ಬಹಳ ಕಡಿಮೆ ಉಳಿದಿತ್ತು.

ಅವನು ಗಡಿಬಿಡಿ ಮಾಡಲಿಲ್ಲ. ನಮ್ಮ ಪಟ್ಟಿಗಳನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಕರೆದೊಯ್ದ. ಹದಿನೆಂಟು ಮೀಟರಿನ ಸುಮಾರಿಗೆ, ಮಂಜು ಸರಿದ ಹಾಗೆ ತಲೆ ತಿಳಿಯಾಯಿತು. ಆಗ ಹಲಗೆಯನ್ನು ನಮ್ಮ ಮುಖದ ಮುಂದೆ ಹಿಡಿದ. 1726 ಎಂಬ ಆ ಅಂಕಿಯನ್ನು ನೋಡಿದಾಗ ಮೈ ತಣ್ಣಗಾದದ್ದು ಸಮುದ್ರದ ನೀರಿನಿಂದಲ್ಲ. ಒಬ್ಬರಿಗೆ ಮಂಕು ಬಡಿದರೆ ಇನ್ನೊಬ್ಬರಿದ್ದಾರೆಂದು ಇಪ್ಪತ್ತು ವರ್ಷ ಸಂಸಾರ ಮಾಡಿದ್ದೆವು. ಇಬ್ಬರಿಗೂ ಒಟ್ಟಿಗೇ ಬಡಿದರೆ ಏನೆಂದು ಯೋಚಿಸಿಯೇ ಇರಲಿಲ್ಲ. ದಡದ ಮೇಲೆ ಕುಳಿತ ಮಗಳೊಬ್ಬಳೇ ಕಣ್ಣ ಮುಂದೆ ಬಂದಳು.

ದೋಣಿಗೆ ಹತ್ತಿದ ಮೇಲೆ ಹುಡುಗ ಹೇಳಿದ: "ಸಾರ್, ಅಮ್ಮಾ, ಇವತ್ತಿನ ಪಾಠ ಚೆನ್ನಾಗಿ ಆಯಿತು." ನಾವು ಫೇಲಾದವರೆಂದು ತಿಳಿದಿದ್ದೆವು. ಅವನ ವಾದವೇ ಬೇರೆ: ಅಮಲು ಏರುವುದು ತಪ್ಪಲ್ಲ, ಅದು ಎಲ್ಲರಿಗೂ ಏರುತ್ತದೆ, ಏರಿತೆಂದು ತಿಳಿದೊಡನೆ ಹತ್ತು ಮೀಟರ್ ಹಿಂದಕ್ಕೆ ಬಂದರೆ ಇಳಿದುಹೋಗುತ್ತದೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಸಾಕೆಂದು ಹೆಬ್ಬೆಟ್ಟೆತ್ತಬಹುದು. ಏಕೆಂದು ಯಾರೂ ಕೇಳಬಾರದು. ಆ ಸಂಜೆಯೇ ಅರಕು ಕಣಿವೆಗೆ ಹೋಗಬೇಕೆಂದಿದ್ದೆವು. ಅದನ್ನೂ ತಡೆದ. ಅರಕು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ನೀರಿನಿಂದೆದ್ದು ಬೆಟ್ಟ ಹತ್ತಿದರೂ ವಿಮಾನ ಹತ್ತಿದರೂ ಮೈಯ ಸಾರಜನಕಕ್ಕೆ ಅದು ಇನ್ನೊಂದು ಏರುವಿಕೆಯೇ. ಹಲವು ಮುಳುಗುಗಳಾದ ಮೇಲೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ನಿಯಮ.

ಮಗಳಿಗೆ ಹೇಳುವುದೋ ಬೇಡವೋ ಎಂದು ವಿಜಯವಾಡದ ರೈಲಿನಲ್ಲಿ ದಾರಿಯುದ್ದಕ್ಕೂ ಪಿಸುಮಾತಿನಲ್ಲಿ ಜಗಳವಾಡಿದೆವು. "ಹೇಳಿದ್ರ ಇನ್ನಷ್ಟು ಅಂಜ್ತಾಳ್ರಿ" ಎಂಬುದು ಒಂದು ಪಕ್ಷ. "ಮುಚ್ಚಿಟ್ರ ನಾಳೆ ನಮ್ಮ ಮಾತೇ ನಂಬೂದಿಲ್ಲ" ಎಂಬುದು ಇನ್ನೊಂದು. ಕಡೆಗೆ ಮನೆಗೆ ಬಂದು ಹಲಗೆಯ ಕಥೆಯನ್ನು ಇದ್ದಕ್ಕಿದ್ದಂತೆ ಹೇಳಿದೆವು. ಅವಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ತುಸು ಹೊತ್ತಿನ ಮೇಲೆ, "ಮುಂದಿನ ಸಲ ನಾನೂ ದೋಣಿಗೆ ಬರ್ತೇನಿ" ಎಂದಳು. ಆರು ವರ್ಷದಲ್ಲಿ ದೋಣಿ ಎಂಬ ಮಾತನ್ನು ಅವಳ ಬಾಯಲ್ಲಿ ನಾವು ಕೇಳಿರಲಿಲ್ಲ.

ಮುಂದಿನ ಸಲವೆಂದರೆ ಆ ಡಿಸೆಂಬರಿನಲ್ಲಿ ಊರಿಗೆ ಹೋದಾಗ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪವನ್ನು ಆರಿಸಿದ್ದು ಮಗಳೇ. 2022ರಲ್ಲಿ ತೆರೆಕಂಡ "ಗಂಧದಗುಡಿ" ಚಿತ್ರದಲ್ಲಿ ಪುನೀತ್ ರಾಜ್‌ಕುಮಾರರು ಅಲ್ಲಿ ನೀರಿಗಿಳಿದುದನ್ನು ಅವಳು ನೋಡಿದ್ದಳು. ಒಂದೂವರೆ ಗಂಟೆಯ ದೋಣಿ ಪ್ರಯಾಣ. ತೇಲುಕವಚ ಬಿಗಿದುಕೊಂಡು, ನಮ್ಮ ಕೈ ಹಿಡಿದುಕೊಂಡು, ಅರ್ಧ ದಾರಿ ಕಣ್ಣು ಮುಚ್ಚಿಯೇ ಬಂದಳು. ಉಳಿದ ಅರ್ಧ ತೆರೆದಿದ್ದಳು.

ಈ ಸಲ ನಮ್ಮೊಳಗೆ ಒಂದು ಒಪ್ಪಂದವಿತ್ತು. ತನ್ನ ಮಾಪಕವನ್ನಲ್ಲ, ಎರಡು ನಿಮಿಷಕ್ಕೊಮ್ಮೆ ಜೊತೆಗಾರರ ಮಾಪಕವನ್ನು ಓದಿ ಬೆರಳಿನಲ್ಲಿ ತೋರಿಸಬೇಕು. ತೋರಿಸಲು ತಡವರಿಸಿದರೆ ಇಬ್ಬರೂ ಮೇಲಕ್ಕೆ. ನೇತ್ರಾಣಿಯ ನೀರು ಅಂದು ತಿಳಿಯಾಗಿತ್ತು. ನಮ್ಮಲ್ಲೊಬ್ಬರ ಮಣಿಕಟ್ಟಿನಲ್ಲಿ ವಿಜಯವಾಡದ ಕನಕದುರ್ಗೆಯ ಗುಡಿಯ ಕೆಂಪು ದಾರವಿತ್ತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ. ಹತ್ತು ಮೀಟರಿಗೆ ದಾರ ಕಂದಿತು, ಇಪ್ಪತ್ತಕ್ಕೆ ಕಪ್ಪಾಯಿತು. ಟಾರ್ಚು ಹಾಕಿದೊಡನೆ ಮತ್ತೆ ಕುಂಕುಮದ ಕೆಂಪು! ಬಣ್ಣ ಎಲ್ಲಿಗೂ ಹೋಗಿರಲಿಲ್ಲ. ಬೆಳಕು ಅಲ್ಲಿಯವರೆಗೆ ಬಂದಿರಲಿಲ್ಲ, ಅಷ್ಟೆ.

ಮೂವತ್ತನೆಯ ಮೀಟರಿನಲ್ಲಿ ನಾವಿದ್ದದ್ದು ಆರು ನಿಮಿಷ. ಮಾಪಕ ಓದಿದೆವು, ಬೆರಳು ತೋರಿಸಿದೆವು. ಆರನೆಯ ನಿಮಿಷದಲ್ಲಿ ಒಬ್ಬರ ಬೆರಳು ತುಸು ತಡವರಿಸಿತು. ಇನ್ನೊಬ್ಬರು ಹೆಬ್ಬೆಟ್ಟೆತ್ತಿದರು. ಕಾರಣ ಕೇಳಲಿಲ್ಲ, ಚರ್ಚೆ ನಡೆಯಲಿಲ್ಲ. ಸಂಸಾರದಲ್ಲಿ ಇಷ್ಟು ಸಲೀಸಾಗಿ ನಾವು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಇನ್ನು ಏರುವ ಮಾತು. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರಬಾರದು, ಉಸಿರನ್ನು ಎಂದಿಗೂ ಕಟ್ಟಬಾರದು. ಮೂವತ್ತರಿಂದ ಇಪ್ಪತ್ತಕ್ಕೆ ಬಂದರೆ ಒಂದು ಲೀಟರ್ ಗಾಳಿ ಹಿಗ್ಗಿ ಒಂದೂಕಾಲು ಲೀಟರಿಗೆ ತುಸು ಹೆಚ್ಚಾಗುತ್ತದೆ. ಹತ್ತರಿಂದ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಆದುದರಿಂದ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ತಳದಲ್ಲಲ್ಲ, ಬೆಳಕು ಕಂಡು "ಬಂದೇಬಿಟ್ಟೆವು" ಎನ್ನಿಸುವ ಕೊನೆಯ ಹತ್ತು ಮೀಟರಿನಲ್ಲಿ. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಅಲ್ಲಿ ಹಗ್ಗ ಹಿಡಿದು ನಿಂತಾಗ ದೋಣಿಯ ತಳ ಮೇಲೆ ಕಾಣುತ್ತಿತ್ತು. ಮಗಳು ಅಲ್ಲೇ, ಒಂದು ಹಲಗೆಯಾಚೆ, ಕೈಗಡಿಯಾರ ನೋಡುತ್ತ ಕುಳಿತಿದ್ದಾಳೆಂದು ಗೊತ್ತಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಮೂರು ನಿಮಿಷ ನಿಲ್ಲಬೇಕು. ವಿಶಾಖಪಟ್ಟಣದ ಹುಡುಗನ ಮಂತ್ರ ನೆನಪಾಯಿತು. ತೆಲುಗಿನವರ ನಿಧಾನವೂ ನಮ್ಮ ನೆಮ್ಮದಿಯೂ ಒಂದೇ ಮಾತಾದದ್ದು ಏಕೆಂದು ಅಲ್ಲಿ ಹೊಳೆಯಿತು.

ಮೇಲೆ ಬಂದಾಗ ಮಗಳು ಅಳಲೂ ಇಲ್ಲ, ನಗಲೂ ಇಲ್ಲ. "ಹೋಗಿ ಇಪ್ಪತ್ತೊಂದು ನಿಮಿಷ ಆತು. ಕಡೀಗೆ ಯಾಕ ಅಷ್ಟೊತ್ತು ಗುಳ್ಳಿ ಒಂದs ಕಡೆ ಬರ್ತಿದ್ವು?" ಎಂದು ಕೇಳಿದಳು. ಕುರ್ಸುರಾದಲ್ಲಿ ಅವಳು ಕೇಳಿದ್ದಕ್ಕೂ ಇದಕ್ಕೂ ಉತ್ತರ ಒಂದೇ ಆಗಿತ್ತು. ದೋಣಿ ದಡ ಮುಟ್ಟುವವರೆಗೂ ಹೇಳುತ್ತ ಬಂದೆವು.

ಈಗ ಅವಳು ವಿಜಯವಾಡದಲ್ಲಿ, ನಾವು ಕಲಿತ ಕೊಳದಲ್ಲಿಯೇ, ಈಜು ಕಲಿಯುತ್ತಿದ್ದಾಳೆ. ಕೊಳದ ಆಳ ನಾಲ್ಕೂವರೆ ಅಡಿ. ಮೊನ್ನೆ ನೀರೊಳಗೆ ತಲೆ ಮುಳುಗಿಸಿ ಎದ್ದು, ದಡದಲ್ಲಿ ನಿಂತಿದ್ದ ನಮಗೆ ಬೆರಳಿನಲ್ಲಿ ಉಂಗುರ ಮಾಡಿ ತೋರಿಸಿದಳು. ಅವ್ವನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದೆವು. "ಸಲಿಗಿ ಮಾತ್ರ ಬ್ಯಾಡ ಅಂತ ಹೇಳ್ರಿ" ಎಂದಳು. ಹೇಳಿದ್ದೇವೆ.